ಏರ್ ರೈಫಲ್‌ಗೆ ಹೊಂದುವ ಪೆಲೆಟ್ ಆರಿಸುವ ಕ್ರಮ

ಪುಣೆಯ ಬಾಲೆವಾಡಿಯಲ್ಲೋ ಮುಂಬೈಯ ವರ್ಲಿಯಲ್ಲೋ 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಮಕ್ಕಳನ್ನು ಕರೆತರುವ ನಮ್ಮ ಕನ್ನಡದ ತಂದೆತಾಯಂದಿರು ಯಾವ ಕಂಪನಿಯ ಪೆಲೆಟ್ (ರೈಫಲ್ ಹಾರಿಸುವ ಸೀಸದ ಚಿಕ್ಕ ಗುಂಡು) ಒಳ್ಳೆಯದೆಂದು ಆಗಾಗ ವಿಚಾರಿಸುತ್ತಾರೆ. ಒಂದೇ ಮಾದರಿಯ ಎರಡು ರೈಫಲ್‌ಗಳು ಸಹ ಒಂದೇ ಡಬ್ಬಿಯ ಪೆಲೆಟ್‌ಗಳನ್ನು ಬೇರೆ ಬೇರೆ ರೀತಿಯಲ್ಲಿ ಹಾರಿಸುವುದರಿಂದ, ಇದನ್ನು ಪ್ರತಿಯೊಂದು ರೈಫಲ್‌ನ ನಳಿಗೆಗೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ತಿಳಿಯಬೇಕು.

ಚಿಕ್ಕಬಳ್ಳಾಪುರ ಮೂಲದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ಸ್ಪರ್ಧೆ ಇದೇ. ಇದರ ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಕೇವಲ 0.5 ಮಿ.ಮೀ.; ದಶಮಾಂಶ ಎಣಿಕೆಯಲ್ಲಿ ಪೆಲೆಟ್ 0.25 ಮಿ.ಮೀ. ಸರಿದಂತೆಲ್ಲ 0.1 ಅಂಕ ಕಡಿಮೆಯಾಗುತ್ತದೆ. 60 ಹೊಡೆತಗಳ ಅರ್ಹತಾ ಸುತ್ತಿನಲ್ಲಿ ಪ್ರತಿ ಹೊಡೆತಕ್ಕೂ ಅಷ್ಟು ನಷ್ಟವಾದರೆ 6 ಅಂಕ ಹೋಗುತ್ತದೆ. ಆದರೆ ಇನ್ನೂ ಎಂಟು ಒಂಬತ್ತುಗಳ ನಡುವೆ ಓಡಾಡುತ್ತಿರುವ ಹೊಸಬರಿಗೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಅದಕ್ಕೆ ತಗಲುವ ಹಣವನ್ನು ತರಬೇತಿಗೆ ವೆಚ್ಚ ಮಾಡುವುದೇ ಲೇಸು.

ಪರೀಕ್ಷೆಗೆ ಚಪ್ಪಟೆ ತಲೆಯ, ಸುಮಾರು 0.53 ಗ್ರಾಂ ತೂಕದ, ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಪೆಲೆಟ್‌ಗಳನ್ನೇ ತೆಗೆದುಕೊಳ್ಳಿ. ಆರ್‌ಡಬ್ಲ್ಯುಎಸ್, ಎಚ್ ಆಂಡ್ ಎನ್, ಜೆಎಸ್‌ಬಿ ಇವುಗಳಲ್ಲಿ ದೊರೆತದ್ದನ್ನು, ತಲೆಯ ಅಳತೆ 4.49, 4.50, 4.51 ಮಿ.ಮೀ. ಎಂದು ನಮೂದಿಸಿರುವ ಡಬ್ಬಿಗಳಾಗಿ ಒಂದೊಂದು ತನ್ನಿ. ಡಬ್ಬಿಯ ಮೇಲಿನ ಲಾಟ್ (ಒಂದೇ ಬಾರಿಗೆ ತಯಾರಾದ ಕಂತು) ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಹೆಸರೂ ಅಳತೆಯೂ ಒಂದೇ ಆಗಿದ್ದರೂ ಬೇರೆ ಲಾಟಿನ ಪೆಲೆಟ್ ಬೇರೆಯಾಗಿಯೇ ವರ್ತಿಸಬಹುದು.

ಹೊಡೆಯುವವರ ಕೈಯ ಅಲುಗಾಟ ಲೆಕ್ಕಕ್ಕೆ ಬಾರದಂತೆ ರೈಫಲನ್ನು ಭಾರವಾದ ಮೇಜಿಗೆ ಬಿಗಿದ, ವಸ್ತುವನ್ನು ಕಚ್ಚಿ ಹಿಡಿಯುವ ವೈಸ್‌ನಲ್ಲಿ ಹಿಡಿಸಬೇಕು. ನಳಿಗೆಯನ್ನಾಗಲಿ ಗಾಳಿಯ ಸಿಲಿಂಡರನ್ನಾಗಲಿ ವೈಸ್‌ಗೆ ಎಂದಿಗೂ ಸಿಕ್ಕಿಸಬಾರದು. ಹಿಡಿತ, ಭುಜಕ್ಕೆ ಆನಿಸುವ ಹಿಡಿಭಾಗವಾದ ಸ್ಟಾಕ್‌ನ ಮೇಲೆಯೇ ಇರಲಿ. ಇಂಥ ವ್ಯವಸ್ಥೆ ಇಲ್ಲದಿದ್ದರೆ ಮರಳಿನ ಚೀಲದ ಮೇಲಿಟ್ಟು ಹೊಡೆಯಬಹುದು, ಆದರೆ ಆಗ ಹೆಚ್ಚು ಹೊಡೆತಗಳು ಬೇಕಾಗುತ್ತವೆ. ಸಿಲಿಂಡರ್ ಚೆನ್ನಾಗಿ ತುಂಬಿರಲಿ. ಪ್ರತಿ ಪೆಲೆಟ್‌ನ ಹಿಂಬದಿಯ ಅಂಚು ನಜ್ಜಾಗಿಲ್ಲವೆಂದು ನೋಡಿಯೇ ಒಳಗಿಡಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ನಳಿಗೆಯಲ್ಲಿ ಹಿಂದಿನದರ ಸೀಸದ ಲೇಪ ಉಳಿದಿರುವುದರಿಂದ, ಮೊದಲ ಹತ್ತು ಹನ್ನೆರಡು ಹೊಡೆತಗಳನ್ನು ಬಿಟ್ಟು ಆಮೇಲಿನವನ್ನು ಮಾತ್ರ ಎಣಿಸಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಐದು ಹೊಡೆತಗಳ ಒಂದೇ ಗ್ರೂಪ್ (ಗುರಿಯ ಮೇಲೆ ಬಿದ್ದ ರಂಧ್ರಗಳ ಗುಂಪು) ಚಿಕ್ಕದಾಗಿ ಬಂದೊಡನೆ ಆ ಪೆಲೆಟ್ ಗೆದ್ದಿತೆಂದು ತೀರ್ಮಾನಿಸಿಬಿಡುತ್ತಾರೆ. ಗ್ರೂಪ್‌ನ ಅಗಲವನ್ನು ನಿರ್ಧರಿಸುವುದು ಅತಿ ದೂರದ ಎರಡು ರಂಧ್ರಗಳು ಮಾತ್ರ; ಉಳಿದವು ಎಲ್ಲಿ ಬಿದ್ದವೆಂಬುದನ್ನು ಆ ಅಳತೆ ಹೇಳುವುದಿಲ್ಲ. ಅದೇ ಪೆಲೆಟ್‌ನಿಂದ ಮತ್ತೆ ಐದು ಹೊಡೆದರೆ ಗ್ರೂಪ್ ಗಣನೀಯವಾಗಿ ಹಿಗ್ಗುವುದು ಸಹಜ. ಆದ್ದರಿಂದ ಒಂದೊಂದು ಬಗೆಗೂ ಹತ್ತು ಹೊಡೆತಗಳ ಗ್ರೂಪ್‌ಗಳನ್ನು ಕನಿಷ್ಠ ಮೂರಾದರೂ ತೆಗೆದು, ಎಲ್ಲದರ ಸರಾಸರಿಯನ್ನು ಹೋಲಿಸಬೇಕು. ಬಗೆಗಳನ್ನು ಸರದಿಯಂತೆ ಹೊಡೆದರೆ ದಿನದ ಸೆಖೆ, ಗಾಳಿಯ ಒತ್ತಡ ಒಂದೇ ಬಗೆಯ ಪಾಲಿಗೆ ಬೀಳುವುದಿಲ್ಲ. ವರ್ನಿಯರ್ ಕ್ಯಾಲಿಪರ್‌ನಿಂದ ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಅದೇ ಕಾಗದದಲ್ಲಿನ ಒಂಟಿ ರಂಧ್ರದ ಅಗಲವನ್ನು ಕಳೆದರೆ ಕೇಂದ್ರಗಳ ಅಂತರ ಸಿಗುತ್ತದೆ.

ಗ್ರೂಪ್‌ನ ಆಕಾರವನ್ನೂ ಓದಬೇಕು. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. ವೇಗದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೆ ಈ ಇಳಿತ ಸುಮಾರು 0.35 ಮಿ.ಮೀ. ಬದಲಾಗುತ್ತದೆ, ಎಂದರೆ 0.1 ಅಂಕಕ್ಕೆ ಸಮನಾದ 0.25 ಮಿ.ಮೀ.ಗಿಂತ ಹೆಚ್ಚು. ಎಲ್ಲ ಬಗೆಯ ಪೆಲೆಟ್‌ಗಳಲ್ಲೂ ಗ್ರೂಪ್ ಮೇಲಿಂದ ಕೆಳಕ್ಕೆ ಉದ್ದವಾಗುತ್ತಿದ್ದರೆ ತಪ್ಪು ರೈಫಲ್‌ನ ಗಾಳಿಯ ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು. ಹೊಸ ಡಬ್ಬಿ ಕೊಳ್ಳುವ ಮೊದಲು ಅದನ್ನು ದುರಸ್ತಿಗೆ ಕೊಡಬೇಕು. ಅಡ್ಡಲಾಗಿ ಹರಡಿದರೆ ವೈಸ್ ಸಡಿಲವಾಗಿದೆಯೇ ಎಂದು ನೋಡಿ. ಒಂದೊಂದೇ ಪೆಲೆಟ್ ತೂಗಿ ವಿಂಗಡಿಸುವ ಗೀಳು ಕೆಲವರಿಗಿದೆ. ಒಳ್ಳೆಯ ಮ್ಯಾಚ್ ಪೆಲೆಟ್‌ನಲ್ಲಿ ಆ ಶ್ರಮಕ್ಕೆ ತಕ್ಕ ಫಲವಿಲ್ಲವೆಂಬುದು ನನ್ನ ಅಭಿಪ್ರಾಯ.

ಎರಡು ಬಗೆಗಳ ನಡುವೆ ಕಾಣುವ ಅಂತರ ಒಂದೇ ಬಗೆಯ ಮೂರು ಗ್ರೂಪ್‌ಗಳ ನಡುವಿನ ಅಂತರಕ್ಕಿಂತ ಕಡಿಮೆಯಿದ್ದರೆ ಅವೆರಡೂ ಸಮವೆಂದೇ ತಿಳಿದು, ಅಗ್ಗವಾದುದನ್ನು ಅಥವಾ ಸುಲಭವಾಗಿ ದೊರೆಯುವುದನ್ನು ಆರಿಸಿಕೊಳ್ಳಿ. ಆರಿಸಿದ ಲಾಟಿನ ಡಬ್ಬಿಗಳನ್ನು ಇಡೀ ಋತುವಿಗೆ ಸಾಲುವಷ್ಟು ಒಟ್ಟಿಗೆ ಕೊಳ್ಳಿ. ಮುಂಬೈಯ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂಡುವುದರಿಂದ ಅವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಸೀಸ ವಿಷಕಾರಿಯಾದುದರಿಂದ ಪೆಲೆಟ್ ಮುಟ್ಟಿದ ಮಕ್ಕಳು ತಿಂಡಿಯ ಡಬ್ಬಿ ತೆರೆಯುವ ಮೊದಲು ಸೋಪಿನಿಂದ ಕೈ ತೊಳೆಯಲೇಬೇಕು.