ಮಾತ್ರೆ ನಿಲ್ಲಿಸಿ ಇನ್ಸುಲಿನ್ ಬೇಗ ಶುರುಮಾಡಿದ ಅನುಭವ

ನನ್ನ ಬಳಿ ಬರುತ್ತಿದ್ದ ಮೇಷ್ಟ್ರೊಬ್ಬರಿಗೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂಟು ತಿಂಗಳಲ್ಲಿ 1 ಮಿಲಿಗ್ರಾಂನಿಂದ 4ಕ್ಕೆ ಏರಿಸಿದ್ದೆ. ಆದರೂ ಅವರ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.9ರಿಂದ 9.4ಕ್ಕೆ ಹೋಗಿತ್ತು. ವಯಸ್ಸು 38, ಮೊದಲೇ ಸಣಕಲು ಮೈ, ಐದು ಕಿಲೋ ಬೇರೆ ಇಳಿದಿದ್ದರು. ಪಥ್ಯ ಬಿಟ್ಟಿದ್ದೀರಿ ಎಂದು ಗದರಿದ್ದೆ. ಈಗಲೂ ಆ ಮಾತು ಚುಚ್ಚುತ್ತದೆ. ತಂಗಿಗೆ ಥೈರಾಯ್ಡ್ ಇದೆ ಎಂದು ಅವರು ಹೇಳಿದ ದಿನವೇ ಅನುಮಾನ ಬಂತು; ಮೈಯೇ ತನ್ನ ಮೇಲೆ ತಿರುಗಿಬೀಳುವ ಇಂಥ ಕಾಯಿಲೆಗಳು ಒಂದೇ ಮನೆಯಲ್ಲಿ ಕಾಣಿಸುವುದುಂಟು. ಆ ದಾಳಿಯ ಗುರುತಾದ ಗ್ಯಾಡ್ ಆ್ಯಂಟಿಬಾಡಿ, ಸ್ವಂತ ಇನ್ಸುಲಿನ್ ಎಷ್ಟು ಬರುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಎರಡೂ ಪರೀಕ್ಷೆಗಳನ್ನು ಬರೆದುಕೊಟ್ಟೆ. ಆ್ಯಂಟಿಬಾಡಿ ಪಾಸಿಟಿವ್. ಸಿ-ಪೆಪ್ಟೈಡ್ 1.2. ಅಂದರೆ ಇದು ಟೈಪ್ 2 ಅಲ್ಲ, ದೊಡ್ಡವರಲ್ಲಿ ನಿಧಾನವಾಗಿ ಬರುವ, ಟೈಪ್ 1ರ ಜಾತಿಯ ಲಾಡಾ. ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ತಿನ್ನುತ್ತಿತ್ತು. ನನ್ನ ಮಾತ್ರೆ ಉಳಿದ ಕೋಶಗಳನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತಿತ್ತು.

"ಇನ್ಸುಲಿನ್ ಅಂದ್ರೆ ಕೊನೇ ಹಂತ ಅಲ್ವಾ ಡಾಕ್ಟ್ರೇ?" ಎಂದರು.

"ಸುಸ್ತಾದ ಎತ್ತಿಗೆ ಬಾರುಕೋಲಲ್ಲಿ ಹೊಡೀತಾ ಬಂದಿದೀವಿ ಮೇಷ್ಟ್ರೇ. ಈಗ ಸ್ವಲ್ಪ ಭಾರ ಇಳಿಸೋಣ."

ಬೇಸಾಯದ ಮನೆಯವರು, ಥಟ್ಟನೆ ಅರ್ಥವಾಯಿತು.

ಜಪಾನಿನ ಟೋಕಿಯೊ ಅಧ್ಯಯನ ನನಗೆ ಧೈರ್ಯ ಕೊಟ್ಟಿತ್ತು. ಇಂಥವರಲ್ಲಿ ಗ್ಲಿಮೆಪಿರೈಡ್ ಸೇರಿದ ಗುಂಪಿನ ಸಲ್ಫೊನೈಲ್‌ಯೂರಿಯಾ ಮಾತ್ರೆಗಿಂತ ಬೇಗ ಕೊಟ್ಟ ಇನ್ಸುಲಿನ್‌ನಿಂದಲೇ ಕೋಶಗಳ ಶಕ್ತಿ ಹೆಚ್ಚು ಉಳಿದಿತ್ತು. ಗ್ಲಿಮೆಪಿರೈಡ್ ನಿಲ್ಲಿಸಿ ರಾತ್ರಿ 8 ಯೂನಿಟ್ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಗ್ಲಾರ್ಜಿನ್‌ನಿಂದ ಶುರುಮಾಡಿದೆ. ಬೆಳಗಿನ ಖಾಲಿಹೊಟ್ಟೆಯ ಶುಗರ್ ನೋಡಿಕೊಂಡು ಎರಡೆರಡು ಯೂನಿಟ್ ಏರಿಸಿದೆವು. ಮೂರನೇ ತಿಂಗಳಿಗೆ ಎಚ್‌ಬಿಎ1ಸಿ 7.2. ವರ್ಷದ ನಂತರವೂ ಸಿ-ಪೆಪ್ಟೈಡ್ 1.1.

ಅಷ್ಟು ಉಳಿದರೆ ಏನು ಲಾಭ ಎಂದು ಕೇಳುವವರಿದ್ದಾರೆ. ಒಂದಿಷ್ಟು ಸ್ವಂತ ಇನ್ಸುಲಿನ್ ಇದ್ದವರಿಗೆ ಲೋ ಶುಗರ್ ಹೊಡೆತ ಕಮ್ಮಿ, ಕಣ್ಣಿನ ತೊಂದರೆಯೂ ಕಮ್ಮಿ. ಪಾಠ ಮಾಡುತ್ತ ನಿಂತಲ್ಲೇ ಕುಸಿಯುವ ಭಯ ಅವರಿಗೆ ಇರಲಿಲ್ಲ.

ಕೋಶಗಳನ್ನು ಉಳಿಸಲು ಬಿ.ಪಿ. ಮಾತ್ರೆ ವೆರಾಪಮಿಲ್ ಕೊಡಬಹುದಾ ಎಂದೂ ಮೇಷ್ಟ್ರು ಕೇಳಿದರು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಸದಾಗಿ ಟೈಪ್ 1 ಬಂದ 88 ಮಕ್ಕಳ ಪೈಕಿ ಅದನ್ನು ತೆಗೆದುಕೊಂಡವರ ಸಿ-ಪೆಪ್ಟೈಡ್ ವರ್ಷದ ಕೊನೆಗೆ ಉಳಿದವರಿಗಿಂತ ಸುಮಾರು 30 ಪ್ರತಿಶತ ಹೆಚ್ಚಿತ್ತು. ಆದರೆ ಅವರೆಲ್ಲ 7ರಿಂದ 17 ವರ್ಷದವರು. ಮೇಷ್ಟ್ರಿಗೆ ಅದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ.

ಕಳೆದ ಸಲ ಒಂಬತ್ತು ವರ್ಷದ ಮಗಳನ್ನೂ ಕರೆತಂದಿದ್ದರು. 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟೆಪ್ಲಿಜುಮ್ಯಾಬ್ ಎಂಬ ಔಷಧ, ಎರಡನೇ ಹಂತದಲ್ಲಿರುವ (ಆ್ಯಂಟಿಬಾಡಿ ಬಂದು ಸಕ್ಕರೆ ಏರುಪೇರಾಗಿದ್ದರೂ ಲಕ್ಷಣ ಇನ್ನೂ ಕಾಣದ), 8 ವರ್ಷ ದಾಟಿದವರಲ್ಲಿ ಟೈಪ್ 1ರ ಲಕ್ಷಣಗಳನ್ನು ಮುಂದಕ್ಕೆ ಹಾಕುತ್ತದೆ. ಅದರ ಪ್ರಯೋಗದಲ್ಲಿ ಸಿಕ್ಕಿದ್ದು ಸುಮಾರು ಎರಡು ವರ್ಷ. ಅದಕ್ಕೆ ಮೊದಲು ಆ್ಯಂಟಿಬಾಡಿ ಗೊತ್ತಾಗಬೇಕು. ಮಗುವಿನ ರಕ್ತ ಅಂದೇ ಲ್ಯಾಬಿಗೆ ಕಳಿಸಿದೆ.