ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿಗೊಡಿ

ಹೊರಡುವ ಗಡಿಬಿಡಿಯಲ್ಲಿ ಕಾರು ಕೈಕೊಟ್ಟಾಗ ಬಹುತೇಕ ಎಲ್ಲರೂ ಮಾಡುವ ಕೆಲಸ ಒಂದೇ: ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುವುದು. ಬ್ಯಾಟರಿಯಲ್ಲಿ ಅಳಿದುಳಿದ ಶಕ್ತಿಯೂ ಅದರಲ್ಲೇ ಮುಗಿದುಹೋಗುತ್ತದೆ. ಹಾಗೆ ಮಾಡಬೇಡಿ. ಏಸಿ, ರೇಡಿಯೊ ಆರಿಸಿ, ಇನ್ನೊಂದೇ ಒಂದು ಸಲ ಕೀಲಿ ತಿರುಗಿಸಿ ಸದ್ದು ಕೇಳಿ. ಸದ್ದೇ ಇಲ್ಲವೇ? ಟಕಟಕ ಎನ್ನುತ್ತಿದೆಯೇ? ಎಂಜಿನ್ ತಿರುಗುತ್ತಿದ್ದರೂ ಹಿಡಿಯುತ್ತಿಲ್ಲವೇ? ಎಲ್ಲಿ ಹುಡುಕಬೇಕೆಂಬುದು ಇಷ್ಟರಲ್ಲೇ ಬಹುಪಾಲು ಗೊತ್ತಾಗುತ್ತದೆ.

ಸದ್ದೇ ಇಲ್ಲದಿದ್ದರೆ

ಬಾನೆಟ್ ತೆರೆಯುವ ಮೊದಲು ಕಾಲಬುಡ ನೋಡಿ. ಆಟೊಮ್ಯಾಟಿಕ್ ಕಾರಾದರೆ ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿರಬೇಕು, ಬ್ರೇಕ್ ಒತ್ತಿರಬೇಕು. ಮ್ಯಾನ್ಯುವಲ್ ಗೇರಿನ ಎಷ್ಟೋ ಕಾರುಗಳಲ್ಲಿ ಕ್ಲಚ್ಚನ್ನು ಪೂರ್ತಿ ತುಳಿಯದೆ ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಮೋಟಾರ್, ಕೆಲಸ ಮಾಡುವುದಿಲ್ಲ. ನಾನೊಮ್ಮೆ ಅರ್ಧ ಗಂಟೆ ವೈರುಗಳನ್ನು ತಡಕಾಡಿ ಕೈಯೆಲ್ಲ ಮಸಿ ಮಾಡಿಕೊಂಡ ಮೇಲೆ ಗೊತ್ತಾಯಿತು, ಕಾಲಡಿಯ ಮ್ಯಾಟ್ ಮುಂದಕ್ಕೆ ಸರಿದು ಕ್ಲಚ್ಚಿನ ಕೆಳಗೆ ಮಡಚಿಕೊಂಡಿತ್ತು.

ಕೀಲಿಯೇ ತಿರುಗದಿದ್ದರೆ ಸ್ಟೀರಿಂಗ್ ಲಾಕ್ ಆಗಿರಬಹುದು. ಸ್ಟೀರಿಂಗನ್ನು ಎಡಬಲಕ್ಕೆ ಅಲುಗಿಸುತ್ತಾ ಕೀಲಿ ತಿರುಗಿಸಿ. ಗುಂಡಿ ಒತ್ತುವ ಕಾರಾದರೆ ರಿಮೋಟ್ ಕೀಲಿಯೊಳಗಿನ ಪುಟ್ಟ ಸೆಲ್ ಮುಗಿದಿರಬಹುದು. ಎಷ್ಟೋ ಕಾರುಗಳಲ್ಲಿ ಆ ಕೀಲಿಯನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಹಿಡಿದು ಒತ್ತಿದರೆ ಕಾರು ಅದನ್ನು ಗುರುತಿಸುತ್ತದೆ.

ಟಕಟಕ ಎಂದರೆ

ಒಂದೇ ಸಮನೆ ಟಕಟಕ ಎನ್ನುತ್ತಿದ್ದರೆ ಬ್ಯಾಟರಿಯ ಮೇಲೆಯೇ ಮೊದಲ ಗುಮಾನಿ. ‘ಲೈಟು ಉರಿಯುತ್ತಿದೆಯಲ್ಲ, ಬ್ಯಾಟರಿ ಸರಿಯಾಗಿಯೇ ಇದೆ’ ಎಂದು ವಾದಿಸುವವರಿದ್ದಾರೆ. 55 ವಾಟ್‌ನ ಒಂದು ಹೆಡ್‌ಲೈಟ್ ಬಲ್ಬಿಗೆ ಐದು ಆಂಪಿಯರ್ ಸಾಕು. ಸೆಲ್ಫ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಬಲ್ಬು ಉರಿಸಿದ ಬ್ಯಾಟರಿ ಎಂಜಿನ್ನನ್ನು ತಿರುಗಿಸಲೇಬೇಕೆಂದಿಲ್ಲ.

ಹೆಡ್‌ಲೈಟ್ ಹಾಕಿಟ್ಟು ಕೀಲಿ ತಿರುಗಿಸಿ. ಬೆಳಕು ಸೊರಗಿಹೋದರೆ ತಪ್ಪು ಬ್ಯಾಟರಿಯದು ಇಲ್ಲವೇ ಅದಕ್ಕೆ ಕೇಬಲ್ ಸೇರುವ ತುದಿಯದು, ಅಂದರೆ ಟರ್ಮಿನಲ್‌ನದು. ಬೆಳಕು ಕುಗ್ಗದೆ ‘ಟಕ್’ ಎಂದು ಒಂದೇ ಸದ್ದು ಬಂದು ನಿಂತರೆ ಸೆಲ್ಫ್ ಮೋಟಾರನ್ನೇ ಅನುಮಾನಿಸಬೇಕು. ವೋಲ್ಟ್ ಮೀಟರ್ ಇದ್ದರೆ ಇನ್ನೂ ಸುಲಭ: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಖಾಲಿ.

ಹೊಸ ಬ್ಯಾಟರಿಗೆ ಹಣ ಸುರಿಯುವ ಮೊದಲು ಟರ್ಮಿನಲ್‌ಗಳನ್ನು ನೋಡಿ. ಹಸಿರು ಬೆರೆತ ಬಿಳಿ ಪುಡಿ ಹೂವಿನಂತೆ ಅರಳಿ ಕೂತಿರುತ್ತದೆ. ಕಾರನ್ನು ಆಫ್ ಮಾಡಿ, ಟರ್ಮಿನಲ್ಲನ್ನು ಕಚ್ಚಿ ಹಿಡಿದಿರುವ ಕ್ಲಾಂಪನ್ನು ಬೆರಳಲ್ಲಿ ಹಿಡಿದು ತಿರುಚಿ ನೋಡಿ. ಅದು ಅಲುಗಿದರೆ ಕಳ್ಳ ಸಿಕ್ಕಿದ ಹಾಗೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಅಡುಗೆ ಸೋಡಾ ಕಲಸಿದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಆ ಪುಡಿಯನ್ನು ಉಜ್ಜಿ ತೆಗೆಯಬಹುದು. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವುದಾದರೆ ಕ್ರಮ ತಪ್ಪಬಾರದು. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ; ಅದರ ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು. ಕಾರು ಸ್ಟಾರ್ಟ್ ಆದ ಮೇಲೂ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಉರಿಯುತ್ತಲೇ ಇದ್ದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸಬೇಕಾದ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ದಾರಿಯಲ್ಲಿ ಮತ್ತೆ ನಿಲ್ಲುತ್ತೀರಿ.

ತಿರುಗುತ್ತದೆ, ಹಿಡಿಯುವುದಿಲ್ಲ

ಇಲ್ಲಿ ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ. ಇಂಧನ ಇದೆಯೇ ನೋಡಿ. ಇಳಿಜಾರಿನಲ್ಲಿ ನಿಂತ ಕಾರಿನ ಮುಳ್ಳು ಸುಳ್ಳು ಹೇಳುವುದುಂಟು. ಪೆಟ್ರೋಲ್ ಕಾರಿನಲ್ಲಿ ಕೀಲಿಯನ್ನು ಆನ್‌ಗೆ ತಂದು ಸುಮ್ಮನೆ ಕುಳಿತರೆ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಸಣ್ಣ ಗುಂಯ್ ಸದ್ದು ಕೇಳಬೇಕು, ಅದು ಇಂಧನ ಪಂಪು. ಕೇಳದಿದ್ದರೆ ಅದರ ಫ್ಯೂಸ್ ನೋಡಿ. ಡೀಸೆಲ್ ಕಾರಿನವರು, ಚಳಿಯಲ್ಲಿ ವಿಶೇಷವಾಗಿ, ಸುರುಳಿ ಚಿಹ್ನೆಯ ದೀಪ ಆರುವವರೆಗೆ ಕಾಯಬೇಕು. ಬೀಗ ಅಥವಾ ಕೀಲಿಯ ಚಿಹ್ನೆ ಮಿನುಗುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನು ಒಪ್ಪುತ್ತಿಲ್ಲ; ಮನೆಯಲ್ಲಿರುವ ಇನ್ನೊಂದು ಕೀಲಿ ತಂದು ನೋಡಿ.

ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ, ಮೋಟಾರ್ ಬಿಸಿಯಾಗುತ್ತದೆ. ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಎರಡು ಸಂದರ್ಭಗಳಲ್ಲಿ ಕೀಲಿಯನ್ನು ಮುಟ್ಟಲೇಬೇಡಿ. ನೆರೆನೀರಿನಲ್ಲಿ ಮುಳುಗಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ಹೊಕ್ಕ ನೀರು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಇನ್ನೊಂದು, ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ಸುಯ್ಯೆಂದು ತಿರುಗುತ್ತಿದ್ದರೆ ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿ, ‘ಸ್ಟಾರ್ಟ್ ಆಗುತ್ತಿಲ್ಲ’ ಎಂದಷ್ಟೇ ಹೇಳದೆ ಕೇಳಿದ ಸದ್ದನ್ನು ಇದ್ದ ಹಾಗೆ ವಿವರಿಸಿ. ಯಾವ ಸಾಮಾನು ತರಬೇಕೆಂದು ಅವರು ಅಲ್ಲಿಂದಲೇ ಲೆಕ್ಕ ಹಾಕುತ್ತಾರೆ.