ಮೂಗರ್ಜಿ ಬೇಡ, ಹೆಸರೂ ಸೋರಬಾರದು: ಕಚೇರಿಯೊಳಗಿನ ಅಕ್ರಮವನ್ನು ತಿಳಿಸುವ ಬಗೆ

ಹೋದ ತಿಂಗಳು ನಮ್ಮ ಹಳೆಯ ಆಫೀಸಿನ ಹುಡುಗನೊಬ್ಬ ಮನೆಗೆ ಬಂದಿದ್ದ. ದ್ವಿತೀಯ ದರ್ಜೆ ಸಹಾಯಕ, ಕೆಲಸಕ್ಕೆ ಸೇರಿ ಮೂರು ವರ್ಷ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ, "ಮೇಡಂ, ಒಂದು ಮೂಗರ್ಜಿ ಬರೆದು ಹಾಕಿಬಿಡ್ಲಾ?" ಅಂದ. ಯಾವುದರ ಬಗ್ಗೆ ಅಂತ ನಾನು ಕೇಳಲಿಲ್ಲ. ಎಂಜಿನಿಯರಿಂಗ್ ಇಲಾಖೆಯೊಂದರ ಲೆಕ್ಕಪತ್ರ ಶಾಖೆಯಲ್ಲಿ 31 ವರ್ಷ ಕೂತು ಎದ್ದವಳಿಗೆ ಅದು ಕೇಳದೆಯೂ ಗೊತ್ತಾಗುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂಗರ್ಜಿ ಬೇಡವೇ ಬೇಡ. ಹೆಸರು, ವಿಳಾಸ ಇಲ್ಲದ ಅರ್ಜಿಯ ಹಣೆಬರಹ ಟಪ್ಪಾಲಿನಲ್ಲೇ ತೀರ್ಮಾನವಾಗಿರುತ್ತದೆ: "ಮೂಗರ್ಜಿ, ಕಡತಕ್ಕೆ ಸೇರಿಸಿ." ಅಕ್ರಮದ ವಿಚಾರಣೆ ನಡೆಯುವುದಿಲ್ಲ. ಯಾರು ಬರೆದಿರಬಹುದು ಎಂಬ ವಿಚಾರಣೆ ಮಾತ್ರ ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೇ ಶುರು.

ಹಾಗಂತ ಹೆಸರು ಹಾಕಿ ಕಳಿಸಿದರೆ? ಅದನ್ನು ನಾನು ಮಾಡಿ ನೋಡಿದ್ದೇನೆ. ಮಳೆಗಾಲ ಮುಗಿದ ಮೇಲೆ ರಸ್ತೆ ಗುಂಡಿ ಮುಚ್ಚಿದ ಎರಡು ಬಿಲ್ಲುಗಳು ನನ್ನ ಮೇಜಿಗೆ ಬಂದವು. ಎಂ.ಬಿ. ಅಂದರೆ ಅಳತೆ ಪುಸ್ತಕದ ನಂಬರು ಬೇರೆ ಬೇರೆ, ರಸ್ತೆ ಒಂದೇ. ಹನ್ನೊಂದು ಗುಂಡಿಗಳ ಉದ್ದ, ಅಗಲ, ಆಳ ಎರಡರಲ್ಲೂ ಸೆಂಟಿಮೀಟರ್ ಸಹ ವ್ಯತ್ಯಾಸವಿಲ್ಲದೆ ಹೊಂದುತ್ತಿದ್ದವು. ಗುಂಡಿಗಳೂ ಅವಳಿ ಹುಟ್ಟುತ್ತವೆ ಅಂತ ಅವತ್ತೇ ತಿಳಿದಿದ್ದು. ಟಿಪ್ಪಣಿ ಹಾಳೆಯಲ್ಲಿ "ಎರಡೂ ಬಿಲ್ಲುಗಳ ಅಳತೆ ಒಂದೇ ಇರುವುದರಿಂದ ಸ್ಥಳ ಪರಿಶೀಲನೆ ಆಗಬೇಕಿದೆ" ಎಂದು ಬರೆದೆ. ಸಾಹೇಬರ ಹಸಿರು ಶಾಯಿಯಲ್ಲಿ ಒಂದೇ ಪದ ವಾಪಸ್ ಬಂತು: "ಚರ್ಚಿಸಿ."

ಸರ್ಕಾರಿ ಕಡತದಲ್ಲಿ ಇದಕ್ಕಿಂತ ಅಪಾಯದ ಪದ ಇನ್ನೊಂದಿಲ್ಲ. ಚರ್ಚೆ ಬಾಯಲ್ಲಿ ಆಗುತ್ತದೆ, ಸಹಿ ನಿಮ್ಮದು ಉಳಿಯುತ್ತದೆ. ಎರಡು ವಾರ ಬಿಟ್ಟು ಅದೇ ಕಡತ ನೋಡಿದರೆ ಏಳನೇ ಪುಟ ಹೊಸದು, ನನ್ನ ಟಿಪ್ಪಣಿ ಮಾಯ. ಸಿಟ್ಟು ಬಂದು ಮೇಲಿನ ಕಚೇರಿಗೆ ಸಹಿ ಹಾಕಿ, ಮೇಲೆ "ಗೋಪ್ಯ" ಎಂದು ಬರೆದು ಪತ್ರ ಕಳಿಸಿದೆ. ಅದು "ಪರಿಶೀಲಿಸಿ ವರದಿ ಸಲ್ಲಿಸಿ" ಎಂಬ ಶೆರಾ ಹೊತ್ತುಕೊಂಡು ನಮ್ಮ ಸಾಹೇಬರ ಮೇಜಿಗೇ ಇಳಿದು ಬಂತು. ಜೊತೆಗೆ ನನ್ನ ಪತ್ರದ ಮೂಲ ಪ್ರತಿ ಲಗತ್ತು. ನಾಲ್ಕನೇ ತಿಂಗಳು ನನಗೆ 90 ಕಿಲೋಮೀಟರ್ ದೂರಕ್ಕೆ ವರ್ಗ.

ಹಾಗಾಗಿ ಮೊದಲ ಕೆಲಸ, ಬಾಯಿಮಾತನ್ನು ಕಾಗದಕ್ಕೆ ಇಳಿಸುವುದು. ಬಾಯಿಮಾತಿನಲ್ಲಿ ಏನಾದರೂ ಮಾಡು ಎಂದರೆ ಮುಂದಿನ ಟಿಪ್ಪಣಿ ಹೀಗೆ ಶುರುವಾಗಲಿ: "ದಿನಾಂಕ ಇಂತಿಷ್ಟರಂದು ಚರ್ಚಿಸಿದಾಗ ನೀಡಿದ ಮೌಖಿಕ ಸೂಚನೆಯಂತೆ..." ಮೇಲಧಿಕಾರಿಯ ಮೌಖಿಕ ಸೂಚನೆಗೆ ಆಮೇಲೆ ಲಿಖಿತ ದೃಢೀಕರಣ ಪಡೆಯಬೇಕೆಂಬುದು ನಡತೆ ನಿಯಮದ ಮಾತೇ. ಅಧಿಕ ಪ್ರಸಂಗ ಅಂತ ಯಾರಾದರೂ ಅಂದರೆ ನಿಯಮ ತೋರಿಸಿ. ಈಗ ಕಡತವೆಲ್ಲ ಕಂಪ್ಯೂಟರಿನಲ್ಲೇ ಓಡಾಡುವ ಇ-ಆಫೀಸ್ ಬಂದಿರುವ ಕಡೆ ಅನುಮೋದನೆಯಾದ ಟಿಪ್ಪಣಿ ಕಿತ್ತು ಹೊಸದು ಅಂಟಿಸುವುದು ಸುಲಭವಲ್ಲ. ನನ್ನ ಕಾಲಕ್ಕೆ ಅದು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಎರಡನೆಯದು ಟಿಪ್ಪಣಿ ಪುಸ್ತಕ. ಕಾಗದಗಳನ್ನು ಮನೆಗೆ ಒಯ್ಯಬೇಡಿ, ಕಡತವನ್ನಂತೂ ಖಂಡಿತ ಒಯ್ಯಬೇಡಿ. ಆಮೇಲೆ ಅಕ್ರಮ ಅವರದ್ದಾಗಿದ್ದರೂ ದೋಷಾರೋಪಣೆ ಪಟ್ಟಿ ನಿಮ್ಮ ಹೆಸರಿಗೇ ಬರುತ್ತದೆ. ಬಿಲ್ ನಂಬರು, ಎಂ.ಬಿ. ನಂಬರು, ಪುಟ, ದಿನಾಂಕ, ಮೊತ್ತ ಇಷ್ಟು ಬರೆದಿಟ್ಟುಕೊಂಡರೆ ಸಾಕು, ಕೇಳುವವರಿಗೆ ಎಲ್ಲಿ ಕೈ ಹಾಕಬೇಕೆಂದು ಗೊತ್ತಾಗುತ್ತದೆ. ಕಣ್ಣಾರೆ ಕಂಡದ್ದು ಎಡಗಡೆ, ಕೇಳಿದ್ದು ಬಲಗಡೆ. ದೂರು ಬರೆಯುವಾಗ ಬಲಗಡೆಯ ಪುಟ ಮುಟ್ಟಲೇಬೇಡಿ.

ಇನ್ನು ನಾನು ತಡವಾಗಿ ಕಲಿತದ್ದು. ಹೆಸರು ಸೋರುವುದು ಸಹಿಯಿಂದ ಮಾತ್ರವಲ್ಲ. ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ ಒಂದು ವಿವರ ಬರೆದರೂ ಅದು ಸಹಿ ಹಾಕಿದ ಹಾಗೇ. "ಎರಡೂ ಬಿಲ್ಲುಗಳು 14ರಂದು ಲೆಕ್ಕಪತ್ರ ಶಾಖೆಗೆ ಬಂದಾಗ ಅಳತೆ ಒಂದೇ ಇರುವುದು ಗಮನಕ್ಕೆ ಬಂದಿದೆ" ಎಂದು ನಾನು ಬರೆದಿದ್ದೆ. 14ರಂದು ಆ ಎರಡೂ ಬಿಲ್ಲು ಒಟ್ಟಿಗೆ ಇದ್ದದ್ದು ನನ್ನ ಮೇಜಿನ ಮೇಲೆ ಮಾತ್ರ. ಇವತ್ತಾದರೆ ಹೀಗೆ ಬರೆಯುತ್ತೇನೆ: "ಇಂತಿಂಥ ನಂಬರಿನ ಎರಡು ಎಂ.ಬಿ.ಗಳ ಇಂತಿಂಥ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು." ಎಂ.ಬಿ. ಶಾಖಾಧಿಕಾರಿಯಿಂದ ಹಿಡಿದು ಉಪವಿಭಾಗ, ವಿಭಾಗ ಅಂತ ಹತ್ತು ಕೈ ದಾಟಿರುತ್ತದೆ. ಹತ್ತು ಜನರಲ್ಲಿ ಒಬ್ಬರಾಗಿ. ನಿಮ್ಮದೇ ಆದ ಪದಗಳನ್ನೂ ಬಿಡಿ. ನಾನು "ಆದಾಗ್ಯೂ" ಎಂದು ಬರೆಯುವ ಚಟದವಳು, ಇಡೀ ಆಫೀಸಿಗೆ ಗೊತ್ತಿತ್ತು.

ಎಲ್ಲಿಗೆ ಕಳಿಸುವುದು? ನೀವು ಕೇಂದ್ರದ ನೌಕರರೋ, ರಾಜ್ಯದವರೋ ಎಂಬುದರ ಮೇಲಿದೆ.

ರೈಲ್ವೆ, ಅಂಚೆ, ಸರ್ಕಾರಿ ಬ್ಯಾಂಕು, ಕೇಂದ್ರದ ಉದ್ಯಮಗಳವರಿಗೆ ಪಿಡ್ಪಿ ಎಂದು ಕರೆಯುವ, ದೂರು ಕೊಟ್ಟವರ ಹೆಸರು ಗುಟ್ಟಾಗಿಡುವ ಕೇಂದ್ರ ಸರ್ಕಾರದ 2004ರ ನಿರ್ಣಯವಿದೆ. ಅದರ ಹಿಂದೆ ಒಂದು ಸಾವಿದೆ. ಸುವರ್ಣ ಚತುಷ್ಪಥ ಹೆದ್ದಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ, 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡಿಗೆ ಬಲಿಯಾದರು. ಅವರ ಹೆಸರು ಗುಟ್ಟಾಗಿ ಉಳಿದಿರಲಿಲ್ಲ. ಆ ಸಾವು ಎಬ್ಬಿಸಿದ ಗದ್ದಲದ ನಂತರ ಬಂದ ಈ ನಿರ್ಣಯದ ಪ್ರಕಾರ ದೂರು ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಮುಚ್ಚಿದ ಲಕೋಟೆ, ಆಯೋಗದ ಕಾರ್ಯದರ್ಶಿಯ ವಿಳಾಸ, ಮೇಲೆ "ಸಾರ್ವಜನಿಕ ಹಿತಾಸಕ್ತಿ ಪ್ರಕಟಣೆಯಡಿ ದೂರು" ಎಂಬರ್ಥದ ಒಕ್ಕಣೆ (ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದರೆ ಟಪ್ಪಾಲಿನವರಿಗೆ ಗೊಂದಲವಿಲ್ಲ). ಲಕೋಟೆಯ ಮೇಲೆ ನಿಮ್ಮ ಹೆಸರು ಬೇಡ. ಹೆಸರು, ವಿಳಾಸ ಒಳಗೆ ಪತ್ರದ ಆರಂಭದಲ್ಲೋ ಕೊನೆಯಲ್ಲೋ ಇಲ್ಲವೇ ಪ್ರತ್ಯೇಕ ಹಾಳೆಯಲ್ಲೋ ಇರಲೇಬೇಕು. ದೂರಿನ ನಡುವೆ ಎಲ್ಲೂ ಗುರುತು ಸಿಗುವಂತಿರಬಾರದು. ಸ್ವೀಕೃತಿ ಪತ್ರ ಬರುವುದಿಲ್ಲ, ಕಾಯಬೇಡಿ. ಅದು ಬಾರದಿರುವುದೂ ಗುಟ್ಟಿನ ಒಂದು ಭಾಗ.

ರಾಜ್ಯದ ನೌಕರರಿಗೆ ಈ ನಿರ್ಣಯ ಅನ್ವಯಿಸುವುದಿಲ್ಲ. 2014ರ ಮಾಹಿತಿದಾರರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದರೂ ಅದು ಜಾರಿಗೆ ಬಂದಿಲ್ಲ. ನಮಗೆ ಉಳಿದಿರುವುದು ಇಲಾಖಾ ಮುಖ್ಯಸ್ಥರು ಮತ್ತು ಲೋಕಾಯುಕ್ತ. ಇಲ್ಲಿ ತುಂಬ ಜನ ಎಡವುತ್ತಾರೆ. ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದ ಜೊತೆ ದೂರು ಕೊಡಬೇಕು, ಸರಿ. ಆದರೆ 1984ರ ಕಾಯ್ದೆಯ 9(3)ನೇ ಕಲಮಿನಂತೆ ತನಿಖೆಗೆ ಮುಂದಾದಾಗ ದೂರಿನ ಪ್ರತಿ ಆರೋಪ ಹೊತ್ತವರಿಗೂ ಹೋಗುತ್ತದೆ. ಅಂದರೆ ನಿಮ್ಮ ಹೆಸರು ಅವರಿಗೆ ತಿಳಿಯುತ್ತದೆ ಎಂದುಕೊಂಡೇ ಸಹಿ ಹಾಕಿ. ಅದೇ ಕಲಮಿನಲ್ಲಿ ದಾಖಲೆಗಳನ್ನು ಭದ್ರವಾಗಿಡಲು ಆದೇಶಿಸುವ ಅಧಿಕಾರವೂ ಇದೆ. ದೂರಿನಲ್ಲೇ "ಈ ಎಂ.ಬಿ.ಗಳನ್ನು ಮೊದಲು ವಶಕ್ಕೆ ಪಡೆಯಬೇಕು" ಎಂದು ನಂಬರು ಸಮೇತ ಕೇಳಿ. ನನ್ನ ಏಳನೇ ಪುಟ ನೆನಪಿರಲಿ. ಸುಳ್ಳು ದೂರಿಗೆ ಜೈಲು ಶಿಕ್ಷೆ ಇದೆ, ಅದಕ್ಕೇ ಬಲಗಡೆಯ ಪುಟ ಬೇಡ ಅಂದದ್ದು.

ಮಹಾಲೇಖಪಾಲರ ಕಚೇರಿಯ ಲೆಕ್ಕ ಪರಿಶೋಧಕರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎ.ಜಿ. ಆಡಿಟ್ ಬಂದಾಗ ಅವರು ಕೇಳಿದ್ದನ್ನು ಪೂರ್ತಿ ಕೊಡುವುದು ನಿಮ್ಮ ಕೆಲಸವೇ. ಕೇಳಿದ ವೋಚರಿನ ಜೊತೆ ಅದರ ಎಂ.ಬಿ.ಯನ್ನೂ ಹೊರಗಿಟ್ಟರೆ ತಪ್ಪಿಲ್ಲ. ನನ್ನ ಅವಳಿ ಗುಂಡಿಗಳು ಕೊನೆಗೆ ಸಿಕ್ಕಿಬಿದ್ದದ್ದು ಹಾಗೇ, ನಾನು ಅಲ್ಲಿಂದ ಹೋಗಿ ಎರಡು ವರ್ಷಕ್ಕೆ. ಯಾರು ಹೊರಗಿಟ್ಟರೋ ನನಗೂ ತಿಳಿಯದು.

ವರ್ಗಾವಣೆ ಬಂದರೆ ಕಣ್ಣೀರು ಹಾಕುವ ಮೊದಲು ದಿನಾಂಕ ಎಣಿಸಿ. ಗ್ರೂಪ್ ಸಿ ನೌಕರರಿಗೆ ವರ್ಗಾವಣೆ ಮಾರ್ಗಸೂಚಿಯಲ್ಲಿ ಒಂದು ಜಾಗದಲ್ಲಿ ಕನಿಷ್ಠ 4 ವರ್ಷ ಎಂದಿದೆ. ಅವಧಿಗೆ ಮುಂಚೆ ವರ್ಗ ಮಾಡಲು ಮುಖ್ಯಮಂತ್ರಿಯವರ ಅನುಮೋದನೆ ಬೇಕು. ಅದಿಲ್ಲದ ಆದೇಶವನ್ನು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆ.ಎ.ಟಿ.ಯಲ್ಲಿ ಪ್ರಶ್ನಿಸಬಹುದು. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಹೊಸ ಜಾಗದಲ್ಲಿ ವರದಿ ಮಾಡಿಕೊಂಡ ಮೇಲೆ ತಡೆಯಾಜ್ಞೆ ಕೇಳುವುದು ಕಷ್ಟ, ಆದೇಶ ಕೈಗೆ ಬಂದ ದಿನವೇ ವಕೀಲರನ್ನು ಕಾಣಿ. ನಾನು ಹೋಗಲಿಲ್ಲ. ಮಗಳ ಎಸ್ಸೆಸ್ಸೆಲ್ಸಿ ವರ್ಷ, ದಿನಾ ಬೆಳಿಗ್ಗೆ 6ರ ಕೆಂಪು ಬಸ್ಸು ಹಿಡಿದೆ.

ಹುಡುಗ ಹೊರಡುವಾಗ, "ಮನೆಯವರಿಗೆ ಹೇಳ್ಲಾ ಮೇಡಂ?" ಅಂತ ಕೇಳಿದ. "ಹೇಳಪ್ಪ, ನಿನ್ನ ಹೆಂಡತಿಗೆ ಹೇಳು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಇರೋ ಭಾವಮೈದುನನಿಗೆ ಬೇಡ" ಅಂದೆ.